ಲಸಿಕೆ ಸೆಷನ್ ಸಂಜೆಗೆ ಇಟ್ಟೆ, ಮಕ್ಕಳು ಬಂದರು

ಸಂಜೆ 5ಕ್ಕೆ ಲಸಿಕೆ ಹಾಕ್ತೀನಿ ಅಂದಾಗ ಮೀಟಿಂಗಿನಲ್ಲಿ ಯಾರೂ ಒಪ್ಪಲಿಲ್ಲ. ಲಸಿಕೆ ತಂಪಾಗಿಡುವ ಐಸ್‌ಪ್ಯಾಕ್ ಅಷ್ಟು ಹೊತ್ತು ತಡೆಯಲ್ಲ, ಕತ್ತಲಲ್ಲಿ ಮಗುವಿಗೆ ಏನಾದರೂ ಆದರೆ ಯಾರು ಹೊಣೆ ಅಂದರು. ಎರಡು ವರ್ಷವಾಗುತ್ತ ಬಂತು. ಪೆಂಟಾ, ಅಂದರೆ ಐದು ರೋಗಗಳಿಗೆ ಒಂದೇ ಚುಚ್ಚುಮದ್ದು, ಅದರ ಮೊದಲ ಡೋಸಿಗೆ ಬಂದು ಮೂರನೆಯದಕ್ಕೆ ತಪ್ಪಿಸಿಕೊಳ್ಳುವ ಮಕ್ಕಳು ಆಗ ಹೆಚ್ಚುಕಡಿಮೆ ಮೂರರಲ್ಲಿ ಒಂದು. ಈಗ ಹತ್ತರಲ್ಲಿ ಒಂದೂ ಇಲ್ಲ.

ಲಸಿಕೆಯೇ ಬೇಡ ಅನ್ನುವ ಮನೆಗಳು ಬೆರಳೆಣಿಕೆಯಷ್ಟು. ಮಿಕ್ಕವರನ್ನು ತಡೆದದ್ದು ಕೂಲಿ. ಲಸಿಕೆ ಪುಕ್ಕಟೆ ನಿಜ, ಆದರೆ ಬೆಳಿಗ್ಗೆ 10ಕ್ಕೆ ಬನ್ನಿ ಅಂದರೆ ತಾಯಿಯ ಆ ದಿನದ ಕೂಲಿ ಹೋಯ್ತು. ರಾತ್ರಿ ಮಗುವಿಗೆ ಜ್ವರ ಬಂದರೆ ಮರುದಿನದ್ದೂ ಹೋಯ್ತು. 6, 10, 14 ವಾರಕ್ಕೆ ಮೂರು ಸಲ ಇದನ್ನು ಯಾವ ಮನೆ ತಾಳುತ್ತೆ?

ಮೊದಲು ಮೊಬೈಲ್ ಮೆಸೇಜ್ ಕಳಿಸಿ ನೋಡಿದ್ದೆವು. ಫೋನ್ ಇರುವುದು ದೂರದಲ್ಲಿ ದುಡಿಯುವ ಅಪ್ಪನ ಹತ್ತಿರ, ದಂಡ. ಮನೆಮನೆಗೆ ಹೋದರೆ ಬೀಗ. ಅಜ್ಜಿಯಂದಿರ ಕೈಲಿ ಕಳಿಸಿ ಅಂತಲೂ ಕೆಲವು ತಿಂಗಳು ನೋಡಿದೆ. ಮಕ್ಕಳೇನೋ ಬಂದವು, ಆದರೆ ಹಿಂದಿನ ಡೋಸಿಗೆ ಏನಾಗಿತ್ತು ಅಂದರೆ ಅಜ್ಜಿಗೆ ಗೊತ್ತಿಲ್ಲ, ಕಾರ್ಡೂ ತಂದಿಲ್ಲ.

ಐಸ್ ಪ್ರಶ್ನೆಗೆ ಉತ್ತರ ಸುಲಭ: ಲಸಿಕೆ ಒಯ್ಯುವ ಡಬ್ಬಿ, ಅಂದರೆ ಕ್ಯಾರಿಯರ್, ಬೆಳಿಗ್ಗೆ ಒಯ್ಯಬೇಡಿ, ಮಧ್ಯಾಹ್ನ ಮೂರರ ಮೇಲೆ ತುಂಬಿ. ಐಸ್‌ಪ್ಯಾಕ್ ಅಲುಗಾಡಿಸಿ ನೀರಿನ ಸದ್ದು ಕೇಳಿದ ಮೇಲೇ ಒಳಗಿಡಿ. ಪೆಂಟಾ ಹೆಪ್ಪುಗಟ್ಟಿದರೆ ಕೆಟ್ಟಿತು. ಆ ಹೊತ್ತಲ್ಲಿ ಲಸಿಕೆಯ ಸ್ಟೋರ್ ಹೇಗೆ ತೆಗೆಸುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ. ಕತ್ತಲಿನ ಮಾತಿಗೆ, ತುರ್ತು ಔಷಧಿಯ ಕಿಟ್ ಪಕ್ಕದಲ್ಲೇ ಇರುತ್ತೆ, ಚುಚ್ಚಿದ ಮೇಲೆ ಅರ್ಧ ಗಂಟೆ ಯಾರನ್ನೂ ಏಳಲು ಬಿಡಲ್ಲ.

ದಡಾರದ್ದು ಬೇರೆ ಜಗಳ. 10 ಡೋಸಿನ ವಯಲ್ (ಲಸಿಕೆಯ ಶೀಶೆ), ತೆರೆದರೆ ಕೆಲವೇ ಗಂಟೆಯಲ್ಲಿ ಉಳಿದದ್ದು ಎಸೆಯಬೇಕು, ಬಂದದ್ದು ಎರಡೇ ಮಗು. ಇನ್ನಷ್ಟು ಮಕ್ಕಳು ಸೇರಲಿ ಅಂತ ತಾಯಂದಿರನ್ನು ವಾಪಸ್ ಕಳಿಸುವುದು ಎಷ್ಟೋ ಕಡೆ ರೂಢಿ. ಹಾಗೆ ಹೋದವರು ತಿರುಗಿ ಬರುವುದು ಕಷ್ಟ. ಒಂದೇ ಮಗು ಇದ್ದರೂ ವಯಲ್ ತೆರೆಯಿರಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ, ನಾನು ತೆರೆಯುತ್ತೇನೆ. ವೇಸ್ಟೇಜ್ ಜಾಸ್ತಿ ಅಂತ ತಿಂಗಳ ವರದಿಯಲ್ಲಿ ಕೇಳಿದಾಗಲೆಲ್ಲ ಅದೇ ಮಾತು ಬರೆದುಕೊಟ್ಟಿದ್ದೇನೆ.

ಎಲ್ಲಕ್ಕಿಂತ ಕೆಲಸ ಮಾಡಿದ್ದು ಜ್ವರದ ವಿಷಯ ಮೊದಲೇ ಹೇಳಿದ್ದು. ಪೆಂಟಾ ಜ್ವರ ಅದೇ ರಾತ್ರಿ ಅಥವಾ ಮರುದಿನ, ದಡಾರದ್ದು ವಾರ ಕಳೆದ ಮೇಲೆ. ಪೆಂಟಾ ಹಾಕಿದ ಮರುದಿನ ತಾಯಂದಿರು ಕೆಲಸಕ್ಕೆ ಹೊರಡುವ ಮುಂಚೆ ನಾನೇ ಬಾಗಿಲಿಗೆ ಹೋಗುತ್ತೇನೆ. ಅದಕ್ಕೆ ಪೆಟ್ರೋಲ್ ಖರ್ಚು ಹೆಚ್ಚುಕಡಿಮೆ ಎರಡರಷ್ಟಾಯಿತು, ವರ್ಷವಿಡೀ ಕೈಯಿಂದಲೇ ಹಾಕಿದೆ. ಈಗ ಅರ್ಧ ಮಂಜೂರಾಗಿದೆ. ಉಳಿದರ್ಧಕ್ಕೆ ಅರ್ಜಿ ಕೊಟ್ಟಿದ್ದೇನೆ.