ಕೋಟೆಗುಡ್ಡದ ಮಣ್ಣಿನ ದಿಬ್ಬ ಅಳೆಯುವುದು ಹೇಗೆ?

ತೀರ್ಥಹಳ್ಳಿ ಕಡೆಯ ಕವಲೇದುರ್ಗದಲ್ಲಿ ಕೋಟೆ ಹುಡುಕುವ ಕಷ್ಟವಿಲ್ಲ. ಮೂರು ಸುತ್ತಿನ ಕಲ್ಲಿನ ಗೋಡೆ ಎದುರಿಗೇ ನಿಂತಿದೆ. ನಮ್ಮೂರಿನ ಕೋಟೆಗುಡ್ಡ ಹಾಗಲ್ಲ. ಅಲ್ಲಿರುವುದು ಮಣ್ಣಿನ ದಿಬ್ಬ, ಅದರ ಹೊರಗೊಂದು ಅಗಳು, ಅಂದರೆ ಕಂದಕ, ಅಷ್ಟೇ. ಮಳೆಗಾಲದಲ್ಲಿ ಹೋದರೆ ಉಂಬಳಕ್ಕೆ ರಕ್ತ ಕೊಟ್ಟು ಬರಬೇಕು. ನಾನು ಅಡಿಕೆ ಕೊಯ್ಲು ಮುಗಿಸಿ ಫೆಬ್ರವರಿಯಲ್ಲಿ ಹೋಗುತ್ತೇನೆ. ಆಗ ಹುಲ್ಲು ಒಣಗಿರುತ್ತದೆ. ಬೆಳಗಿನ ಓರೆ ಬಿಸಿಲಿಗೆ ಅಗಳಿನೊಳಗೆ ನೆರಳು ಬಿದ್ದು, ಗೆರೆ ಎಳೆದ ಹಾಗೆ ಕಾಣುತ್ತದೆ.

ಮೊದಲು ಸುಮ್ನೆ ಒಂದು ಸುತ್ತು ನಡೆಯಿರಿ. ಮೊಬೈಲಿನ ಜಿಪಿಎಸ್ ಸುತ್ತಿನ ದಾರಿ ಗುರುತಿಸಲು ಸಾಕು, ಎತ್ತರಕ್ಕೆ ನಂಬಬೇಡಿ. ಅದಕ್ಕೆ ಗಾರೆಯವರ ಲೆವೆಲ್ ಪೈಪು, ನೈಲಾನ್ ದಾರ, ಟೇಪು, ಅಳತೆ ಗುರುತು ಹಾಕಿದ ಬಿದಿರಿನ ಗಳ ಬೇಕು. ಪೈಪಿನ ಎರಡೂ ತುದಿ ಜೋಡಿಸಿ ಹಿಡಿದು ನೀರು ಸಮ ನಿಲ್ಲುತ್ತದಾ ನೋಡಿ. ಒಳಗೆ ಗುಳ್ಳೆ ಇದ್ದರೆ ಸುಳ್ಳು ಹೇಳುತ್ತದೆ.

ದಿಬ್ಬಕ್ಕೆ ನೇರ ಅಡ್ಡವಾಗಿ, ಪೈಪಿನಿಂದ ಮಟ್ಟ ನೋಡಿ ದಾರ ಕಟ್ಟಿ. ಅರ್ಧ ಮೀಟರಿಗೊಮ್ಮೆ ದಾರದಿಂದ ನೆಲಕ್ಕೆ ಎಷ್ಟು ಅಂತ ಬರೆದುಕೊಳ್ಳಿ. ಮೊದಲ ವರ್ಷ ನಾನು 10 ಮೀಟರ್ ದಾರ ಒಂದೇ ಸಲ ಎಳೆದೆ. ನಡುವೆ ಜೋತುಬಿದ್ದದ್ದು ಗೊತ್ತೇ ಆಗಲಿಲ್ಲ. ಮನೆಗೆ ಬಂದು ಗ್ರಾಫ್ ಹಾಳೆಯಲ್ಲಿ ಬರೆದರೆ ಅಗಳಿನ ಆಳ ಒಂದು ಗೇಣು ಕಡಿಮೆ! ಈಗ 3 ಮೀಟರಿಗೊಂದು ಗೂಟ. ಇಳಿಜಾರಲ್ಲಿ ಮೆಟ್ಟಿಲು ಇಳಿದ ಹಾಗೆ ಗೂಟದಿಂದ ಗೂಟಕ್ಕೆ ದಾರ ಕೆಳಗಿಳಿಸುತ್ತೇನೆ. ಎಷ್ಟು ಇಳಿಸಿದೆ ಅಂತ ಬರೆಯಲು ಮರೆತರೆ ಅಷ್ಟೂ ಕೆಲಸ ದಂಡ.

ಎಲ್ಲ ಅಗಳೂ ಕೋಟೆಯದಲ್ಲ. ದನ ಬಾರದ ಹಾಗೆ ತೋಟಕ್ಕೂ ಅಗಳು ತೆಗೆಯುತ್ತೇವಲ್ವಾ? ಅದು ತೋಟದ ಗಡಿ ಹಿಡಿದು ಹೋಗುತ್ತದೆ. ಕೋಟೆಯದು ಗುಡ್ಡದ ಸೊಂಟ ಸುತ್ತುತ್ತದೆ. ಕಡಿದಾದ ಕಡೆ ದಿಬ್ಬ ಇಲ್ಲದೆಯೂ ಇರಬಹುದು, ಬರೀ ದರೆ, ಅಂದರೆ ಗೋಡೆಯಂಥ ಮಣ್ಣಿನ ಅಂಚು, ಕಡಿದು ಬಿಟ್ಟಿರುತ್ತಾರೆ. ದಿಬ್ಬ ಮುಗಿಯಿತು ಅಂತ ವಾಪಸ್ ಬರಬೇಡಿ, ದರೆಯನ್ನೂ ಅಳೆಯಿರಿ. ನಡುವೆ ಸಂದು ಕಂಡ ಕೂಡಲೇ ಹೆಬ್ಬಾಗಿಲು ಅಂತ ಕುಣಿಯುವುದೂ ಬೇಡ. ಅಂಚು ಇನ್ನೂ ಚೂಪಾಗಿದ್ದು, ಕಡಿದ ಮಣ್ಣು ಅಗಳಿಗೆ ಸುರಿದಿದ್ದರೆ ಅದು ಟ್ರ್ಯಾಕ್ಟರ್ ದಾರಿ.

ಊರವರು ಇದು ಕೆಳದಿ ಅರಸರದ್ದು ಅನ್ನುತ್ತಾರೆ. ಹೈದರಾಲಿ 1763ರಲ್ಲಿ ಅವರ ರಾಜಧಾನಿ ಬಿದನೂರು ಹಿಡಿದ ಕಥೆಯೂ ಜೊತೆಗೇ ಬರುತ್ತದೆ. ಟೇಪಿನಿಂದ ಕಾಲ ಗೊತ್ತಾಗುವುದಿಲ್ಲ, ಆಕಾರ ಮಾತ್ರ. ಅಗಳಿನಲ್ಲಿ ದರಗು (ಒಣಗಿದ ಎಲೆ), ಮಣ್ಣು ತುಂಬಿರುತ್ತದೆ. ನಿಜವಾದ ತಳ ಇನ್ನೂ ಕೆಳಗೆ. ಹಾಗಂತ ಗುದ್ದಲಿ ಹಾಕಬೇಡಿ. ಮಣ್ಣಿನ ಪದರ ಒಮ್ಮೆ ಕಲಸಿಹೋದರೆ ಮುಂದೆ ಯಾರಿಗೂ ಓದಲು ಬರುವುದಿಲ್ಲ. ನಕ್ಷೆಯಲ್ಲಿ 'ಈಗಿನ ತಳ' ಅಂತ ಬರೆದರೆ ಸಾಕು.

ಬರುವಾಗ ದಾರ, ಗೂಟ ಎಲ್ಲ ಕಿತ್ತುಕೊಂಡು ಬನ್ನಿ. ಹೋದ ವರ್ಷ ನಾನು ಬಿಟ್ಟು ಬಂದ ದಾರಕ್ಕೆ ಪಕ್ಕದ ಮನೆಯ ದನ ಕಾಲು ಸಿಕ್ಕಿಸಿಕೊಂಡಿತು. ಆ ಸಂಜೆಯಿಡೀ ಬೈಸಿಕೊಂಡೆ.