ಕಾಪ್ರೆಸೆ ಸಲಾಡ್: ತಟ್ಟೆಯಲ್ಲಿ ನೀರು ನಿಲ್ಲದ ಹಾಗೆ ಮಾಡುವುದು

ಒಲೆ ಹಚ್ಚಬೇಕಿಲ್ಲ, ರುಬ್ಬಬೇಕಿಲ್ಲ, ಒಗ್ಗರಣೆಯೂ ಬೇಡ. ಸಾಮಾನು ಐದೇ: ಟೊಮೆಟೊ, ಮೊಜ್ಜರೆಲ್ಲಾ, ಬೇಸಿಲ್ ಎಲೆ, ಆಲಿವ್ ಎಣ್ಣೆ, ಉಪ್ಪು. ಆದರೂ ಇಟಲಿಯ ಈ ಸಲಾಡನ್ನು ಕೆಡಿಸುವವರೇ ಜಾಸ್ತಿ. ಮದುವೆ ರಿಸೆಪ್ಷನ್ನಿನ ಸಲಾಡ್ ಕೌಂಟರಿನಲ್ಲಿ ನೋಡಿರುತ್ತೀರಿ. ಫ್ರಿಜ್ಜಿನಿಂದ ತೆಗೆದ ತಣ್ಣನೆ ಟೊಮೆಟೊ, ಪಿಜ್ಜಾ ಚೀಸಿನ ಗಟ್ಟಿ ತುಂಡು, ಮೇಲೆ ಕಪ್ಪು ಸಿರಪ್ಪಿನ ಗೀಟು, ತಟ್ಟೆಯ ತಳದಲ್ಲಿ ನಸುಗೆಂಪು ನೀರು. ಮನೆಗಳಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಐದೇ ಸಾಮಾನಿನ ಅಡುಗೆಯಲ್ಲಿ ಒಂದು ಕೆಟ್ಟರೂ ಅದನ್ನು ಮುಚ್ಚಿಡಲು ಮಸಾಲೆ ಇರುವುದಿಲ್ಲ.

ಈ ಸಲಾಡಿನ ಊರು ಕಾಪ್ರಿ. ದಕ್ಷಿಣ ಇಟಲಿಯ ನೇಪಲ್ಸ್ ಕೊಲ್ಲಿಯಲ್ಲಿರುವ ಪುಟ್ಟ ದ್ವೀಪ ಅದು. ಕೆಂಪು, ಬಿಳಿ, ಹಸಿರು ಸೇರಿ ಇಟಲಿಯ ಬಾವುಟವಾಗುತ್ತದೆ. ಇದನ್ನು ಮೊದಲು ಮಾಡಿದ್ದು ಯಾರು ಎಂಬುದಕ್ಕೆ ಒಂದಕ್ಕಿಂತ ಹೆಚ್ಚು ಕಥೆಗಳಿವೆ. 1920ರ ದಶಕದಲ್ಲಿ ಕಾಪ್ರಿಯ ಕ್ವಿಸಿಸಾನಾ ಹೋಟೆಲಿನಲ್ಲಿ ಹುಟ್ಟಿತು ಅನ್ನುವವರಿದ್ದಾರೆ. 1950ರ ದಶಕದ ಆರಂಭದಲ್ಲಿ ಈಜಿಪ್ಟಿನ ದೊರೆ ಫಾರೂಕ್ ದ್ವೀಪಕ್ಕೆ ಬಂದಾಗ ಹೆಸರಾಯಿತು ಅನ್ನುವವರೂ ಇದ್ದಾರೆ. ನಮಗೆ ಮುಖ್ಯವಾದ ಸಂಗತಿ ಬೇರೆ. ಇದು ಬೇಸಿಗೆಯ ಊಟ. ಗಿಡದಲ್ಲೇ ಹಣ್ಣಾದ ಟೊಮೆಟೊ, ಅಂದೇ ಮಾಡಿದ ಮೊಜ್ಜರೆಲ್ಲಾ. ಎರಡೂ ಫ್ರಿಜ್ಜಿನ ಮುಖ ನೋಡಿರುವುದಿಲ್ಲ. ಹಾಗಾಗಿ ನಾವು ಗೆಲ್ಲಬೇಕಾಗಿರುವುದು ಎರಡನ್ನು: ತಣ್ಣಗಿರುವುದನ್ನು ಮತ್ತು ನೀರನ್ನು.

ನಾಲ್ಕು ಜನಕ್ಕೆ ಅರ್ಧ ಕೆಜಿ ಟೊಮೆಟೊ, 250 ಗ್ರಾಂ ತಾಜಾ ಮೊಜ್ಜರೆಲ್ಲಾ, ಹನ್ನೆರಡು-ಹದಿನೈದು ಬೇಸಿಲ್ ಎಲೆ, ಮೂರು ದೊಡ್ಡ ಚಮಚ ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ, ರುಚಿಗೆ ಉಪ್ಪು. ಕಾಳುಮೆಣಸು ಬೇಕಾದರೆ ಹಾಕಿ. ಈರುಳ್ಳಿ, ಬೆಳ್ಳುಳ್ಳಿ, ನಿಂಬೆರಸ ಬೇಡವೇ ಬೇಡ.

ಹಂತ 1: ಟೊಮೆಟೊ ಆರಿಸುವುದು

ಕಾಪ್ರಿಯ ಸುತ್ತಮುತ್ತ ಇದಕ್ಕೆ ಸೊರೆಂಟೊ ಟೊಮೆಟೊ ಅಥವಾ ‘ಕುವೊರೆ ದಿ ಬುವೆ’ ಬಳಸುತ್ತಾರೆ. ದಪ್ಪಗೆ, ತುಂಬ ತಿರುಳಿರುವ, ಬೀಜ ಕಡಿಮೆ ಇರುವ ಹಣ್ಣುಗಳು ಅವು. ಉದ್ದನೆಯ ಸಾನ್ ಮಾರ್ಜಾನೊ ಎಷ್ಟೇ ಪ್ರಸಿದ್ಧವಾದರೂ ಅದು ಸಾಸಿಗೆ, ಸಲಾಡಿಗಲ್ಲ.

ನಮ್ಮ ಮಾರುಕಟ್ಟೆಯಲ್ಲಿ ಸಿಗುವುದು ಎರಡು ಜಾತಿ. ಹೈಬ್ರಿಡ್ ಹಣ್ಣಿಗೆ ದಪ್ಪ ಸಿಪ್ಪೆ, ಗಟ್ಟಿ ಮೈ. ಕೋಲಾರದಿಂದ ಲಾರಿ ಹತ್ತಿ ದೂರದೂರಿಗೆ ಹೋದರೂ ಒಡೆಯುವುದಿಲ್ಲ. ರುಚಿ ಮಾತ್ರ ಸಪ್ಪೆ. ನಾಟಿ ಹಣ್ಣಿಗೆ ತೆಳು ಸಿಪ್ಪೆ, ಒಳ್ಳೆಯ ಹುಳಿ, ಒಳ್ಳೆಯ ವಾಸನೆ, ಆದರೆ ರಸ ಜಾಸ್ತಿ. ನನ್ನ ಓಟು ನಾಟಿಗೆ. ನೀರಿನ ಸಮಸ್ಯೆಗೆ ಉಪಾಯ ಇದೆ, ರುಚಿ ಇಲ್ಲದ್ದಕ್ಕೆ ಉಪಾಯ ಇಲ್ಲ. ತೊಟ್ಟಿನ ಹತ್ತಿರ ಮೂಸಿ ನೋಡಿ. ವಾಸನೆ ಬಂದರೆ ತಗೊಳ್ಳಿ, ಬರದಿದ್ದರೆ ಬುಟ್ಟಿಗೇ ವಾಪಸ್ ಹಾಕಿ. ದೋರೆಗಾಯಿ ತಂದಿದ್ದರೆ ಅಡುಗೆಮನೆ ಕಟ್ಟೆಯ ಮೇಲೆ ಎರಡು-ಮೂರು ದಿನ ಬಿಡಿ.

ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ. ಇದು ಅಜ್ಜಿಯ ಮಾತಲ್ಲ. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಇದನ್ನು ತೋರಿಸಿದರು. ಹಣ್ಣನ್ನು 5 ಡಿಗ್ರಿಯಲ್ಲಿ ಒಂದು ವಾರ ಇಟ್ಟರೆ ಸಿಹಿ, ಹುಳಿ ಹಾಗೇ ಉಳಿಯುತ್ತವೆ. ವಾಸನೆ ಕೊಡುವ ಅಂಶಗಳು ಮಾತ್ರ ಇಳಿದುಹೋಗುತ್ತವೆ, ಹೊರಗೆ ತೆಗೆದಿಟ್ಟ ಮೇಲೂ ಮೊದಲಿನಷ್ಟು ಬರುವುದಿಲ್ಲ. ಟೊಮೆಟೊ ರುಚಿ ಎಂದು ನಾವು ಅಂದುಕೊಳ್ಳುವುದರಲ್ಲಿ ಬಹುಪಾಲು ವಾಸನೆಯೇ ಅಲ್ವಾ?

ಒಳ್ಳೆಯ ಹಣ್ಣು ಸಿಗಲೇ ಇಲ್ಲ ಅಂದರೆ ಚೆರಿ ಟೊಮೆಟೊ ತಂದು ಅರ್ಧಕ್ಕೆ ಕತ್ತರಿಸಿ. ಇಟಲಿಯವರು ಮೂಗು ಮುರಿಯಬಹುದು. ಆದರೂ ಸಪ್ಪೆ ಹೈಬ್ರಿಡ್ ಬಿಲ್ಲೆಗಿಂತ ಸಾವಿರ ಪಾಲು ವಾಸಿ.

ಹಂತ 2: ಮೊಜ್ಜರೆಲ್ಲಾ ತರುವುದು

ಇಲ್ಲಿ ಎಡವುವವರು ಬಹಳ. ಅಂಗಡಿಯಲ್ಲಿ ‘ಮೊಜ್ಜರೆಲ್ಲಾ’ ಎಂದು ಬರೆದ ಹಳದಿ ಛಾಯೆಯ ಗಟ್ಟಿ ಬ್ಲಾಕ್ ಸಿಗುತ್ತದೆ. ತುರಿದ ಪ್ಯಾಕೆಟ್ಟೂ ಸಿಗುತ್ತದೆ. ಎರಡೂ ಪಿಜ್ಜಾಕ್ಕೆ. ಅವುಗಳಲ್ಲಿ ನೀರಿನ ಅಂಶ ಬೇಕೆಂದೇ ಕಡಿಮೆ ಮಾಡಿರುತ್ತಾರೆ, ಬಿಸಿಗೆ ಕರಗಿ ಎಳೆ ಬರಲಿ ಎಂದು. ಹಸಿಯಾಗಿ ತಿಂದರೆ ಪೆನ್ಸಿಲ್ ಅಳಿಸುವ ರಬ್ಬರ್ ಅಗಿದ ಹಾಗಿರುತ್ತದೆ. ನಮಗೆ ಬೇಕಾದದ್ದು ನೀರಿನಲ್ಲಿ ಮುಳುಗಿಸಿಟ್ಟ ಬಿಳಿ ಉಂಡೆ. ಡಬ್ಬಿಯಲ್ಲೋ ಚೀಲದಲ್ಲೋ ಬರುತ್ತದೆ. ಪುಟ್ಟ ಉಂಡೆಗಳಿಗೆ ಬೊಕ್ಕೊಂಚೀನಿ ಎನ್ನುತ್ತಾರೆ, ಅದೂ ಆಗುತ್ತದೆ. ಡಬ್ಬಿಯ ಮೇಲಿನ ತಾರೀಖು ನೋಡಿ. ಹೊಸದಾದಷ್ಟೂ ಒಳ್ಳೆಯದು.

ಇಟಲಿಯಲ್ಲಿ ಇದನ್ನು ಹಸುವಿನ ಹಾಲಿನಲ್ಲೂ ಮಾಡುತ್ತಾರೆ, ಎಮ್ಮೆ ಹಾಲಿನಲ್ಲೂ ಮಾಡುತ್ತಾರೆ. ಕಾಂಪಾನಿಯಾ ಪ್ರದೇಶದ ಎಮ್ಮೆ ಹಾಲಿನ ಮೊಜ್ಜರೆಲ್ಲಾಕ್ಕೆ 1996ರಿಂದ ಯುರೋಪಿನ ಭೌಗೋಳಿಕ ಮಾನ್ಯತೆ ಇದೆ. ಎಮ್ಮೆ ಹಾಲಿನಲ್ಲಿ ಶೇ 7-8ರಷ್ಟು ಕೊಬ್ಬು. ಹಸುವಿನದ್ದಕ್ಕೆ ಹೋಲಿಸಿದರೆ ಸುಮಾರು ಎರಡು ಪಟ್ಟು. ಗಟ್ಟಿ ಮೊಸರಿಗೆ ಎಮ್ಮೆ ಹಾಲೇ ಬೇಕು ಅನ್ನುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನಲ್ಲಿ ವಲ್ಲೊಂಬ್ರೋಸಾ ಪಂಥದ ಕ್ರೈಸ್ತ ಸನ್ಯಾಸಿಗಳು ಇಟಲಿಯ ಪದ್ಧತಿಯಲ್ಲೇ ಮೊಜ್ಜರೆಲ್ಲಾ ಮಾಡುತ್ತಾರೆ. ಈಗ ಬೇರೆ ಸಣ್ಣ ತಯಾರಕರೂ ಇದ್ದಾರೆ.

ಸಸ್ಯಾಹಾರಿಗಳು ಗಮನಿಸಿ: ಇಟಲಿಯಿಂದ ಬರುವ ಆ ಮಾನ್ಯತೆ ಪಡೆದ ಮೊಜ್ಜರೆಲ್ಲಾದಲ್ಲಿ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಹಸಿರು ಚುಕ್ಕಿ ಇದೆಯೇ ನೋಡಿಕೊಳ್ಳಿ.

‘ಪನೀರ್ ಹಾಕಿದರೆ ಆಗಲ್ವಾ?’ ಎಂದು ಕೇಳುವವರು ಇದ್ದೇ ಇರುತ್ತಾರೆ. ಆಗುವುದಿಲ್ಲ. ಮೊಜ್ಜರೆಲ್ಲಾ ಮಾಡುವಾಗ ಹಾಲಿನ ಗಡ್ಡೆಯನ್ನು ಕುದಿವ ಹತ್ತಿರದ ಬಿಸಿನೀರಿನಲ್ಲಿ ಎಳೆದೆಳೆದು ಪದರ ಬರಿಸುತ್ತಾರೆ. ಆ ಪದರಗಳ ನಡುವೆ ಹಾಲಿನಂಥ ರಸ ಉಳಿಯುತ್ತದೆ. ಪನೀರಿನಲ್ಲಿ ಪದರವೂ ಇಲ್ಲ, ರಸವೂ ಇಲ್ಲ. ಪನೀರ್ ಟೊಮೆಟೊ ಸಲಾಡ್ ಅಂತ ಮಾಡಿಕೊಂಡು ತಿನ್ನಿ, ಯಾರು ಬೇಡ ಅಂದರು, ಕಾಪ್ರೆಸೆ ಅನ್ನಬೇಡಿ ಅಷ್ಟೆ.

ಹಂತ 3: ನೀರು ಇಳಿಸುವುದು

ಇಡೀ ಸಲಾಡಿನ ಜುಟ್ಟು ಇರುವುದು ಇಲ್ಲಿ. ನಿಧಾನವಾಗಿ ಓದಿ.

ಟೊಮೆಟೊದಲ್ಲಿ ಶೇ 94ರಷ್ಟು ನೀರು. ತಾಜಾ ಮೊಜ್ಜರೆಲ್ಲಾದಲ್ಲೂ ಅರ್ಧಕ್ಕಿಂತ ಜಾಸ್ತಿ ನೀರೇ. ಉಪ್ಪು ಬಿದ್ದ ಕೂಡಲೇ ಟೊಮೆಟೊ ನೀರು ಬಿಡಲು ಶುರು ಮಾಡುತ್ತದೆ. ತಟ್ಟೆಯಲ್ಲಿ ಜೋಡಿಸಿ, ಉಪ್ಪು ಉದುರಿಸಿ, ಅತಿಥಿಗಳು ಬರಲಿ ಎಂದು ಅರ್ಧ ಗಂಟೆ ಬಿಟ್ಟರೆ ಏನಾಗುತ್ತದೆ? ಕೆಳಗೆ ನೀರು ನಿಲ್ಲುತ್ತದೆ, ಎಣ್ಣೆ ಅದರ ಮೇಲೆ ತೇಲುತ್ತದೆ, ಚೀಸ್ ನೆನೆದು ಸಪ್ಪೆಯಾಗುತ್ತದೆ. ಆದ್ದರಿಂದ ನೀರು ಬಿಡಬೇಕಾದದ್ದು ತಟ್ಟೆಗೆ ಬರುವ ಮೊದಲೇ.

ಚೀಸಿನಿಂದ ಶುರು ಮಾಡಿ, ಅದಕ್ಕೆ ಸಮಯ ಬೇಕು. ಊಟಕ್ಕೆ ಒಂದು ಗಂಟೆ ಮುಂಚೆ ಡಬ್ಬಿಯನ್ನು ಫ್ರಿಜ್ಜಿನಿಂದ ತೆಗೆದು ಹೊರಗಿಡಿ. ತಣ್ಣಗಿದ್ದಾಗ ಅದರ ಕೊಬ್ಬು ಬಿಗಿದುಕೊಂಡಿರುತ್ತದೆ, ಅಗಿದರೆ ಮೆದು ಅನಿಸುವುದಿಲ್ಲ, ಹಾಲಿನ ರುಚಿಯೂ ತಿಳಿಯುವುದಿಲ್ಲ. ಮರೆತುಬಿಟ್ಟಿದ್ದರೆ ಒಂದು ದಾರಿ ಇದೆ. ಚೀಲ ಬಿಚ್ಚದೆ, ಹಾಗೇ ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಮುಳುಗಿಸಿಡಿ. ನೀರು 35-40 ಡಿಗ್ರಿ ಇದ್ದರೆ ಸಾಕು, ಕೈಗೆ ಹಿತ ಅನಿಸುವಷ್ಟು. ಮೈಕ್ರೊವೇವಿನಲ್ಲಿ ಇಡಲು ಹೋಗಬೇಡಿ. ಹೊರಗೆ ಕರಗಿ ಒಳಗೆ ತಣ್ಣಗೇ ಇರುತ್ತದೆ.

ಬೆಚ್ಚಗಾದ ಮೇಲೆ ಉಂಡೆಯನ್ನು ನೀರಿನಿಂದ ತೆಗೆದು ತೂತಿನ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ಬಸಿಯಲು ಬಿಡಿ. ಹಿಂಡಬೇಡಿ. ಹಿಂಡಿದರೆ ಹೋಗುವುದು ಬರೀ ನೀರಲ್ಲ, ಒಳಗಿನ ಹಾಲಿನ ರಸವೂ ಹೋಗುತ್ತದೆ. ಆಮೇಲೆ ಬೆರಳಿನ ಅರ್ಧ ದಪ್ಪಕ್ಕೆ ಬಿಲ್ಲೆ ಮಾಡಿ ಸ್ವಚ್ಛವಾದ ತೆಳು ಬಟ್ಟೆಯ ಮೇಲೆ ಐದು ನಿಮಿಷ ಹರಡಿ. ಎಮ್ಮೆ ಹಾಲಿನದ್ದಾದರೆ ತುಂಬ ಮೆದು, ಚಾಕುವಿಗೆ ಸಿಗದೆ ಒಡೆಯುತ್ತದೆ. ಆಗ ಕೈಯಲ್ಲೇ ಹರಿಯಿರಿ. ನನಗಂತೂ ಹರಿದದ್ದೇ ಇಷ್ಟ. ಅಂಚು ಒರಟಾಗಿದ್ದರೆ ಎಣ್ಣೆ, ಉಪ್ಪು ಚೆನ್ನಾಗಿ ಹಿಡಿಯುತ್ತವೆ. ಬಿಲ್ಲೆಗಳ ಸಾಲು ಫೋಟೊಕ್ಕೆ ಚೆಂದ, ಅಷ್ಟೆ.

ಚೀಸ್ ಬಸಿಯುತ್ತಿರುವಾಗ ಟೊಮೆಟೊ. ಮೊಂಡು ಚಾಕು ಹಣ್ಣನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಬ್ರೆಡ್ ಕತ್ತರಿಸುವ ಹಲ್ಲಿನ ಚಾಕು ಇದ್ದರೆ ಅದನ್ನೇ ಬಳಸಿ. ತೊಟ್ಟಿನ ಗಟ್ಟಿ ಭಾಗ ತೆಗೆದು ಅಡ್ಡಡ್ಡ ಬಿಲ್ಲೆ ಮಾಡಿ. ಕಾಗದದಂತೆ ತೆಳ್ಳಗೆ ಬೇಡ, ಸುಮಾರು 8 ಮಿಲಿಮೀಟರ್ ದಪ್ಪ ಇರಲಿ. ನಾಟಿ ಹಣ್ಣು ತುಂಬ ಮೆತ್ತಗಿದ್ದರೆ ಬಿಲ್ಲೆ ಬಿಟ್ಟು ದಪ್ಪ ಹೋಳು ಮಾಡಿ.

ಇಲ್ಲಿ ಕೆಲವರು ಅತಿಬುದ್ಧಿ ತೋರಿಸುತ್ತಾರೆ. ನೀರು ಬೇಡ ಅಂತ ಬೀಜದ ಲೋಳೆಯನ್ನೆಲ್ಲ ಚಮಚದಲ್ಲಿ ಕೆರೆದು ಎಸೆಯುತ್ತಾರೆ. ದಯವಿಟ್ಟು ಬೇಡ. ಬಾಯಿ ಚಪ್ಪರಿಸುವಂತೆ ಮಾಡುವ ಗ್ಲುಟಮೇಟ್ ಅಂಶ ಸುತ್ತಲಿನ ತಿರುಳಿಗಿಂತ ಆ ಲೋಳೆಯಲ್ಲೇ ಜಾಸ್ತಿ. ಅದನ್ನು ಎಸೆದರೆ ಉಳಿಯುವುದು ಬಣ್ಣ ಮಾತ್ರ.

ಬಿಲ್ಲೆಗಳನ್ನು ಜಾಲರಿಯ ಮೇಲೆ ಒಂದರ ಮೇಲೊಂದು ಬೀಳದಂತೆ ಹರಡಿ. ಕೆಳಗೊಂದು ತಟ್ಟೆ ಇಡಿ. ಅರ್ಧ ಚಿಕ್ಕ ಚಮಚ ಉಪ್ಪನ್ನು ಎಲ್ಲದರ ಮೇಲೂ ಸಮನಾಗಿ ಉದುರಿಸಿ ಹತ್ತು ನಿಮಿಷ ಬಿಡಿ. ಹದಿನೈದು ದಾಟಿದರೆ ಬಿಲ್ಲೆ ಬಾಡುತ್ತದೆ. ಟಿಶ್ಯೂ ಪೇಪರಿನಿಂದ ಒತ್ತಬೇಡಿ, ಲೋಳೆಯೂ ಅಂಟಿಕೊಂಡು ಹೋಗುತ್ತದೆ. ಕಾಪ್ರಿಯಲ್ಲಿ ಹೀಗೆಲ್ಲ ಯಾರೂ ಬಸಿಯುತ್ತ ಕೂರುವುದಿಲ್ಲ, ನಿಜ. ಅವರ ಟೊಮೆಟೊಕ್ಕೆ ಅದರ ಅಗತ್ಯ ಇಲ್ಲ, ನಮ್ಮದಕ್ಕೆ ಇದೆ. ಕೆಳಗಿನ ತಟ್ಟೆಯಲ್ಲಿ ಬಿದ್ದ ನೀರನ್ನು ಚೆಲ್ಲಬೇಡಿ. ಅಂದಿನ ಸಾರಿಗೆ ಹಾಕಿ. ಉಪ್ಪು ಮಾತ್ರ ನೋಡಿಕೊಂಡು ಹಾಕಿ.

ಹಂತ 4: ಎಲೆ

ಬೇಸಿಲ್ ನಮಗೆ ಹೊಸದಲ್ಲ, ನಮ್ಮ ಕಾಮಕಸ್ತೂರಿ ಅದೇ ಜಾತಿಯ ಗಿಡ. ಇಟಲಿಯ ತಳಿಗೆ ಎಲೆ ಅಗಲ, ಮೆದು, ಘಾಟು ಕಡಿಮೆ. ಹಿತ್ತಲಿನ ಕಾಮಕಸ್ತೂರಿಗೆ ಘಾಟು ಸ್ವಲ್ಪ ಜಾಸ್ತಿ ಇರಬಹುದು, ಎಳೆ ಎಲೆ ಆರಿಸಿ ಅರ್ಧದಷ್ಟು ಹಾಕಿ. ಪೂಜೆಯ ತುಳಸಿ ಬೇರೆ ಗಿಡ. ಅದರ ಖಾರದ ವಾಸನೆ ಚೀಸನ್ನು ಮುಳುಗಿಸಿಬಿಡುತ್ತದೆ. ಎಲೆಯನ್ನು ಚಾಕುವಿನಿಂದ ಸಣ್ಣಗೆ ಹೆಚ್ಚಬೇಡಿ, ಅಂಚು ಕಪ್ಪಾಗುತ್ತದೆ. ದೊಡ್ಡದಿದ್ದರೆ ಕೈಯಲ್ಲಿ ಹರಿಯಿರಿ, ಚಿಕ್ಕದಿದ್ದರೆ ಇಡಿಯಾಗಿ ಹಾಕಿ. ಫ್ರಿಜ್ಜಿನಲ್ಲಿಟ್ಟರೂ ಕಪ್ಪಾಗುತ್ತದೆ, ದಂಟನ್ನು ಒಂದು ಲೋಟ ನೀರಿನಲ್ಲಿ ನಿಲ್ಲಿಸಿ. ಅದೃಷ್ಟವಿದ್ದರೆ ಬೇರು ಬಿಡುತ್ತದೆ, ಕುಂಡಕ್ಕೆ ನೆಡಿ. ಒಣಗಿದ ಬೇಸಿಲ್ ಪುಡಿ ಬೇಡ. ಚಿಟಿಕೆ ಒಣ ಒರೆಗಾನೊ ನೇಪಲ್ಸ್ ಕಡೆಯವರು ಹಾಕುವುದುಂಟು. ಪಿಜ್ಜಾ ಜೊತೆ ಬಂದ ‘ಒರೆಗಾನೊ ಸೀಸನಿಂಗ್’ ಪೊಟ್ಟಣ ಅದಲ್ಲ. ಅದರಲ್ಲಿ ಬೇರೇನೇನೋ ಸೇರಿರುತ್ತದೆ.

ಹಂತ 5: ಜೋಡಿಸುವುದು

ಅಗಲ ತಟ್ಟೆಯಲ್ಲಿ ಟೊಮೆಟೊ, ಚೀಸ್, ಟೊಮೆಟೊ, ಚೀಸ್, ನಡುನಡುವೆ ಎಲೆ. ಚೀಸಿನ ಮೇಲೆ ಚಿಟಿಕೆ ಉಪ್ಪು. ಕೊನೆಗೆ ಎಣ್ಣೆ.

ಈ ಕ್ರಮ ತಪ್ಪಬೇಡಿ. ಮೊದಲು ಎಣ್ಣೆ ಸುರಿದರೆ ಉಪ್ಪು ಕರಗುವುದಿಲ್ಲ, ಹರಳು ಹರಳಾಗಿ ಬಾಯಿಗೆ ಸಿಗುತ್ತದೆ. ಎಣ್ಣೆಯ ವಿಷಯದಲ್ಲಿ ಕಂಜೂಸಿ ಬೇಡ, ಡ್ರೆಸ್ಸಿಂಗ್ ಅಂತ ಇರುವುದು ಅದೊಂದೇ. ಬಾಟಲಿಯ ಮೇಲೆ ‘ಎಕ್ಸ್‌ಟ್ರಾ ವರ್ಜಿನ್’ ಅಂತಲೇ ಇರಬೇಕು. ‘ಪೊಮೇಸ್’ ಎಂದರೆ ಹಿಂಡಿದ ಮೇಲೆ ಉಳಿದ ಹಿಂಡಿಯಿಂದ ತೆಗೆದು ಶುದ್ಧೀಕರಿಸಿದ ಎಣ್ಣೆ. ‘ಎಕ್ಸ್‌ಟ್ರಾ ಲೈಟ್’ ಎಂದರೆ ಕ್ಯಾಲರಿ ಕಡಿಮೆ ಅಂತಲ್ಲ, ಬಣ್ಣ ವಾಸನೆ ಕಡಿಮೆ ಅಂತ. ಎರಡೂ ಒಗ್ಗರಣೆಗೆ ಆದೀತು, ಇಲ್ಲಿಗೆ ಬೇಡ. ಸೀಸೆ ಬಿಚ್ಚಿ ಒಂದು ವರ್ಷ ಆಗಿದ್ದರೆ ಮೂಸಿ ನೋಡಿ. ಹಳೇ ಕಡಲೆಬೀಜದ ವಾಸನೆ ಬಂದರೆ ದೀಪಕ್ಕೆ ಹಾಕಿ.

ಇನ್ನು ಆ ಕಪ್ಪು ಸಿರಪ್ಪು. ಬಾಲ್ಸಾಮಿಕ್ ವಿನೆಗರ್ ಇಟಲಿಯದ್ದೇ, ಆದರೆ ಅದರ ಊರು ಉತ್ತರದ ಮೊಡೆನಾ. ಅಲ್ಲಿನ ಸಾಂಪ್ರದಾಯಿಕ ಬಾಲ್ಸಾಮಿಕ್ ಮರದ ಪೀಪಾಯಿಗಳಲ್ಲಿ ಕನಿಷ್ಠ 12 ವರ್ಷ ಮಾಗುತ್ತದೆ. ಒತ್ತಿದರೆ ಗೀಟು ಬರುವ ಪ್ಲಾಸ್ಟಿಕ್ ಬಾಟಲಿಯ ‘ಗ್ಲೇಜ್’ ಬೇರೆ ಪದಾರ್ಥ. ಹಿಂದಿನ ಲೇಬಲ್ ಓದಿದರೆ ಸಕ್ಕರೆಯಂಥ ಸಿಹಿಯೋ ದಪ್ಪ ಬರಿಸುವ ಪಿಷ್ಟವೋ ಕಾಣುತ್ತದೆ. ಟೊಮೆಟೊದಲ್ಲೇ ಹುಳಿ, ಸಿಹಿ ಎರಡೂ ಇರುವಾಗ ಇದು ಯಾಕೆ? ಸುಮ್ನೆ ಸಪ್ಪೆ ಟೊಮೆಟೊ ಮರೆಮಾಚಲು.

ಹಂತ 6: ಬಡಿಸುವುದು

ಜೋಡಿಸಿದ ಹತ್ತು ನಿಮಿಷದೊಳಗೆ ಮೇಜಿಗೆ ಬರಬೇಕು. ಅತಿಥಿಗಳು ದಾರಿಯಲ್ಲಿದ್ದಾರೆ ಎಂದರೆ ನಂಬಬೇಡಿ, ಚಪ್ಪಲಿ ಬಿಟ್ಟು ಒಳಗೆ ಬಂದ ಮೇಲೆ ಜೋಡಿಸಿ. ಜೊತೆಗೆ ಗಟ್ಟಿ ಹೊರಪದರದ ಬ್ರೆಡ್ ಇರಲಿ. ಕೊನೆಯಲ್ಲಿ ತಟ್ಟೆಯಲ್ಲಿ ಉಳಿಯುವ ಎಣ್ಣೆ, ಟೊಮೆಟೊ ರಸ, ಹಾಲಿನ ಹನಿ ಸೇರಿದ್ದನ್ನು ಬ್ರೆಡ್ಡಿನಿಂದ ಒರೆಸಿ ತಿನ್ನಬೇಕು. ಇಟಲಿಯಲ್ಲೂ ಹಾಗೇ ಮಾಡುತ್ತಾರೆ, ಸಂಕೋಚ ಬೇಡ.

ಸಲಾಡ್ ಉಳಿದರೆ ರಾತ್ರಿಗೆ ಮತ್ತೆ ಸಲಾಡಾಗಿ ಬಡಿಸಬೇಡಿ. ಬಿಸಿ ಪಾಸ್ತಾಕ್ಕೆ ಬೆರೆಸಿ, ಇಲ್ಲವೇ ಬ್ರೆಡ್ ನಡುವೆ ಇಟ್ಟು ತವಾದ ಮೇಲೆ ಒತ್ತಿ. ಕತ್ತರಿಸದ ಮೊಜ್ಜರೆಲ್ಲಾ ಉಳಿದರೆ ಅದರದ್ದೇ ನೀರಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಡಿ. ಆ ನೀರು ಚೆಲ್ಲಿಬಿಟ್ಟಿದ್ದರೆ ಸ್ವಲ್ಪ ಉಪ್ಪು ಬೆರೆಸಿದ ನೀರು ಆಗುತ್ತದೆ. ಎರಡು ದಿನದೊಳಗೆ ಮುಗಿಸಿ.