ಇಂಪ್ಲಾಂಟ್‌ಗೆ ಮೊದಲು ರೋಗಿಯನ್ನು ಕಾಯಿಸುವ ನನ್ನ ಪದ್ಧತಿ

ಹೋದ ಹಲ್ಲಿನ ಜಾಗದಲ್ಲಿ ದವಡೆಯ ಎಲುಬಿಗೆ ಕೂರಿಸುವ ಸ್ಕ್ರೂವೇ ಇಂಪ್ಲಾಂಟ್. ಅದನ್ನು ಕೇಳಿಕೊಂಡು ಬಂದವರಿಗೆ ನಾನು ಅಂದೇ ಶಸ್ತ್ರಚಿಕಿತ್ಸೆಯ ದಿನ ನಿಗದಿ ಮಾಡುವುದಿಲ್ಲ. ಕನ್ನಡದಲ್ಲಿ ಅಚ್ಚು ಹಾಕಿಸಿದ ಎರಡು ಪುಟದ ಕಾಗದ ಕೊಟ್ಟು, ಮನೆಯವರೊಂದಿಗೆ ಓದಿಕೊಂಡು ಬನ್ನಿ ಎಂದು ಕಳುಹಿಸುತ್ತೇನೆ. ವಸಡಿನ ರೋಗ, ರಕ್ತದ ಸಕ್ಕರೆ, ಕವಳ (ಎಲೆ-ಅಡಿಕೆ) ಮೂರೂ ಹತೋಟಿಗೆ ಬರುವವರೆಗೆ, ಸಾಮಾನ್ಯವಾಗಿ ಎರಡು-ಮೂರು ತಿಂಗಳು, ಡ್ರಿಲ್ ಮುಟ್ಟುವುದಿಲ್ಲ. ಶಿರಸಿಯಲ್ಲಿ ಇದನ್ನು ಆರಂಭಿಸಿದಾಗ ಜೊತೆಯ ದಂತವೈದ್ಯರು, 'ಕಾಯಿಸಿದ ರೋಗಿ ಹುಬ್ಬಳ್ಳಿ ಬಸ್ ಹತ್ತುತ್ತಾನೆ' ಎಂದರು. ಹಲವರು ಹತ್ತಿದರು ಕೂಡ. ಮೊದಲ ವರ್ಷ ಇಂಪ್ಲಾಂಟ್‌ನಿಂದ ಬರುತ್ತಿದ್ದ ಆದಾಯದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಹೋಯಿತು. ಆದರೆ ಹಿಂದೆ ನೂರಕ್ಕೆ ಎಂಟು-ಹತ್ತು ಸಡಿಲಾಗಿ ಹೊರಬರುತ್ತಿದ್ದವು, ಈಗ ಎರಡು-ಮೂರಕ್ಕೆ ಇಳಿದಿವೆ. ಅಂದು ಅನುಮಾನಪಟ್ಟವರಲ್ಲಿ ಇಬ್ಬರು ಅದೇ ಕಾಗದದ ಪ್ರತಿ ಪಡೆದುಕೊಂಡು ಹೋಗಿದ್ದಾರೆ.

ಸೋತ ಇಂಪ್ಲಾಂಟ್‌ಗಳ ಕಡತಗಳನ್ನು ಒಂದು ಭಾನುವಾರ ಮೇಜಿನ ಮೇಲೆ ಹರಡಿಕೊಂಡು ನೋಡಿದ್ದರಿಂದ ಈ ಕಾಗದ ಹುಟ್ಟಿತು. ಸ್ಕ್ರೂ ಎಷ್ಟು ಬಿಗಿಯಾಗಿ ಕೂತಿದೆ ಎಂದು ತೋರಿಸುವ ಟಾರ್ಕ್ 35 ದಾಟಿತ್ತು, ಎಲುಬಿನ ಅಗಲ ಸಾಕಷ್ಟಿತ್ತು, ಆದರೂ ಕೈಕೊಟ್ಟಿದ್ದವು. ಹೆಚ್ಚಿನವರಿಗೆ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 8ರ ಮೇಲಿತ್ತು, ಇಲ್ಲವೇ ತಂಬಾಕು ಹಾಕಿದ ಕವಳದ ಅಭ್ಯಾಸವಿತ್ತು, ಇಲ್ಲವೇ ಹಲ್ಲು ಹೋದದ್ದೇ ವಸಡಿನ ರೋಗದಿಂದ. ಒಬ್ಬ ಹಿರಿಯ ಮಹಿಳೆಯ ಕಡತ ಮಾತ್ರ ಬೇರೆ. ಔಷಧ ಯಾವುದಾದರೂ ಇದೆಯೇ ಎಂಬ ಪ್ರಶ್ನೆಗೆ 'ಇಲ್ಲ' ಎಂದು ಬರೆದಿತ್ತು. ಮೂಳೆ ಸವೆತಕ್ಕೆಂದು ವರ್ಷಕ್ಕೊಮ್ಮೆ ಹಾಕಿಸಿಕೊಳ್ಳುತ್ತಿದ್ದ, ದವಡೆಯ ಎಲುಬು ಮಾಯುವುದಕ್ಕೆ ಅಡ್ಡಿಯಾಗಬಲ್ಲ ಜೊಲೆಡ್ರೊನೇಟ್ ಡ್ರಿಪ್ ಅವರ ಲೆಕ್ಕದಲ್ಲಿ ಔಷಧವೇ ಆಗಿರಲಿಲ್ಲ. ಹಾಗಾಗಿ ಈಗ 'ವರ್ಷಕ್ಕೊಮ್ಮೆ, ಆರು ತಿಂಗಳಿಗೊಮ್ಮೆ ಯಾವುದಾದರೂ ಇಂಜೆಕ್ಷನ್ ಅಥವಾ ಡ್ರಿಪ್ ಇದೆಯೇ? ರಕ್ತ ತೆಳುವಾಗಿಸುವ ಮಾತ್ರೆ ಇದೆಯೇ?' ಎಂದು ಬಿಡಿಸಿ ಕೇಳುತ್ತೇನೆ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು ಎಂಬುದೂ ಅದರ ಪಕ್ಕದಲ್ಲೇ ದಪ್ಪಕ್ಷರದಲ್ಲಿದೆ.

ಕವಳದ ವಿಷಯ ಕಷ್ಟದ್ದು. ಅಡಿಕೆ ಬೆಳೆದು ಬದುಕುವ ಊರಿನಲ್ಲಿ, ತಂಬಾಕು ಮಾತ್ರವಲ್ಲ, ಅಡಿಕೆಯನ್ನೂ ಅಗಿಯಬೇಡಿ ಎನ್ನಬೇಕು. ಅಡಿಕೆ ಅಗಿದು ಬಾಯಿ ಬಿಗಿದು, ಮೂರು ಬೆರಳು ಹೋಗದವರಿಗೆ ಹಿಂದಿನ ದವಡೆ ಹಲ್ಲಿನ ಜಾಗಕ್ಕೆ ಡ್ರಿಲ್ ನೆಟ್ಟಗೆ ಹಿಡಿಯಲಾಗುವುದಿಲ್ಲ. ಅವರಿಗೆ ಅಕ್ಕಪಕ್ಕದ ಹಲ್ಲಿಗೆ ಆನಿಸಿ ಕೂರಿಸುವ ಬ್ರಿಡ್ಜ್ ಅಥವಾ ತೆಗೆದು ಹಾಕುವ ಸೆಟ್ಟೇ ಗತಿ ಎಂದು ಮೊದಲೇ ಹೇಳುತ್ತೇನೆ. ಕವಳ ಬಿಡಿಸುವ ನನ್ನ ಉಪಾಯವನ್ನು ಪೂರ್ತಿ ಬರೆಯುವುದಿಲ್ಲ. ಮನೆಯವರನ್ನು ಎದುರಿಗೆ ಕೂರಿಸಿಕೊಂಡು ಮಾತನಾಡುತ್ತೇನೆ ಎಂಬಷ್ಟು ಸುಳಿವು ಸಾಕು.

ಹಣದ ವಿವರವೇ ಕಾಗದದ ಮುಕ್ಕಾಲು ಪುಟ ತಿನ್ನುತ್ತದೆ. ನನ್ನಲ್ಲಿ ಒಂದು ಹಲ್ಲಿಗೆ ಕ್ಯಾಪ್ (ಸ್ಕ್ರೂ ಮೇಲೆ ಕೂರಿಸುವ ಕೃತಕ ಹಲ್ಲು) ಸೇರಿ 35,000 ರೂಪಾಯಿಯ ಆಸುಪಾಸು. ಎಲುಬು ತುಂಬಿಸಬೇಕಾದರೆ ಮತ್ತೆ 15,000 ಇಟ್ಟುಕೊಳ್ಳಬೇಕು. ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್‌ನ ಖರ್ಚು ಬೇರೆ. ಎಲ್ಲಾದರೂ ಅರ್ಧ ಬೆಲೆ ಹೇಳಿದರೆ, ಅದರಲ್ಲಿ ಕ್ಯಾಪ್ ಸೇರಿದೆಯೇ, ಸ್ಕ್ರೂ ಮಾತ್ರವೇ ಎಂದು ಕೇಳಿ ಎಂದು ಬರೆದಿದ್ದೇನೆ. ಸೋತರೆ ಯಾರ ಖರ್ಚು ಎಂಬುದೂ ಇದೆ: ಕ್ಯಾಪ್ ಹಾಕುವ ಮೊದಲು ಸಡಿಲಾದರೆ ಒಮ್ಮೆ ನನ್ನ ಖರ್ಚಿನಲ್ಲೇ ಮತ್ತೆ ಹಾಕುತ್ತೇನೆ, ತಂಬಾಕು ಮುಂದುವರಿಸಿದ್ದರೆ ಇಲ್ಲ. ಈ ಸಾಲು ಓದಿಯೇ ಹಿಂದೆ ಸರಿದವರಿದ್ದಾರೆ. ಹಾಕಿದ ಸ್ಕ್ರೂ ಎಲುಬಿಗೆ ಬೆಸೆಯಲು ಕೆಳದವಡೆಗೆ ಸುಮಾರು ಮೂರು ತಿಂಗಳು, ಮೇಲ್ದವಡೆಗೆ ನಾಲ್ಕರಿಂದ ಆರು ತಿಂಗಳು ಕಾಯಬೇಕಲ್ಲ, ಅದನ್ನೇ ಹಣದ ಕಂತಿಗೂ ಬಳಸಿಕೊಂಡೆ. ದೀಪಾವಳಿಯ ಹೊತ್ತಿಗೆ ಸ್ಕ್ರೂ ಹಾಕಿ ಅರ್ಧ ಹಣ, ಅಡಿಕೆ ಮಾರಿದ ಮೇಲೆ ಕ್ಯಾಪ್ ಹಾಕಿ ಉಳಿದರ್ಧ. ಬಾಕಿ ಉಳಿಸಿಕೊಂಡವರು ತೀರಾ ಕಡಿಮೆ.

'ಎಷ್ಟು ವರ್ಷ ಬರುತ್ತದೆ ಡಾಕ್ಟರೇ?' ಎಂದು ಎಲ್ಲರೂ ಕೇಳುತ್ತಾರೆ. ಸ್ವೀಡನ್ನಿನಲ್ಲಿ ಬ್ರೊನೆಮಾರ್ಕ್ 1965ರಲ್ಲಿ ಇಂಪ್ಲಾಂಟ್ ಹಾಕಿದ ಮೊದಲ ರೋಗಿಗೆ ಅವು ನಲವತ್ತು ವರ್ಷ, ಸಾಯುವವರೆಗೂ ನಡೆದವು ಎಂದು ಹೇಳುತ್ತೇನೆ. ಅದೇ ಉಸಿರಿನಲ್ಲಿ ಎರಡೇ ವರ್ಷಕ್ಕೆ ಸುತ್ತಲಿನ ಎಲುಬು ಕರಗಿಹೋದ ಎಕ್ಸ್‌ರೇ ತೋರಿಸುತ್ತೇನೆ. ಇಂಪ್ಲಾಂಟ್‌ಗೆ ಹುಳುಕು ಹಿಡಿಯುವುದಿಲ್ಲ, ಆದರೆ ಸುತ್ತಲಿನ ವಸಡು ಕೊಳೆಯುತ್ತದೆ, ಅದೂ ಬಹುಪಾಲು ನೋವಿಲ್ಲದೆ. ಇದನ್ನು ರೋಗಿ ತಿಳಿದುಕೊಂಡರೆ ನನ್ನ ಅರ್ಧ ಕೆಲಸ ಮುಗಿಯಿತು.

ಹಲ್ಲಿನ ಕೊಳೆ ಕಣ್ಣಿಗೆ ಕಾಣಲೆಂದು ಬೀಟ್‌ರೂಟ್ ರಸ ಬಳಸಿ ನೋಡಿದೆ. ಬಣ್ಣ ಹಿಡಿಯಿತು, ಬೇಗ ತೊಳೆದೂ ಹೋಯಿತು. ಅಗಿದರೆ ಕೊಳೆಗೆ ಬಣ್ಣ ಹಿಡಿಸುವ ಮಾತ್ರೆಗೇ ಮರಳಿದೆ. ನೀರು ಚಿಮ್ಮಿಸುವ ಯಂತ್ರವನ್ನು ಕೆಲವು ಹಿರಿಯರಿಗೆ ಕೊಟ್ಟೆ, ಕೈ ನಡುಗುವವರಿಗೆ ಮಾತ್ರ ಅದರಿಂದ ಉಪಯೋಗವಾಯಿತು. ಉಳಿದವರಿಗೆ ಹಲ್ಲುಗಳ ಸಂದಿಗೆ ಹಾಕುವ ಸಣ್ಣ ಬ್ರಷ್ಷೇ ಮೇಲು. ಯಾವ ಅಳತೆಯ ಬ್ರಷ್ ಯಾರಿಗೆ ಎಂಬ ನನ್ನ ಲೆಕ್ಕ ನನ್ನಲ್ಲೇ ಇರಲಿ.

ಪ್ರತಿ ರೋಗಿಗೂ ಕಂಪನಿಯ ಹೆಸರು, ಅಳತೆ, ಲಾಟ್ ಸಂಖ್ಯೆಯ ಸ್ಟಿಕ್ಕರ್ ಅಂಟಿಸಿದ ಕಾರ್ಡ್ ಕೊಡುತ್ತೇನೆ. ಬೇರೆ ಊರಿನಲ್ಲಿ ಹಾಕಿಸಿಕೊಂಡ ಒಬ್ಬರು ಕ್ಯಾಪ್ ಅಲ್ಲಾಡುತ್ತಿದೆ ಎಂದು ಬಂದಿದ್ದರು. ಕಾರ್ಡ್ ಇಲ್ಲ, ನನ್ನಲ್ಲಿದ್ದ ಯಾವ ಸ್ಕ್ರೂಡ್ರೈವರ್ ಕೂಡ ಅದರ ಸ್ಕ್ರೂಗೆ ಕೂರಲಿಲ್ಲ. ಎಕ್ಸ್‌ರೇಯನ್ನು ಪರಿಚಯದ ಡೀಲರ್‌ಗಳಿಗೆಲ್ಲ ಕಳುಹಿಸಿ, ಕಂಪನಿ ಯಾವುದೆಂದು ತಿಳಿಯುವ ಹೊತ್ತಿಗೆ ವಾರಗಳೇ ಕಳೆದವು. ಬಿಗಿ ಮಾಡಲು ಹಿಡಿದದ್ದು ಐದು ನಿಮಿಷ.

ಕ್ಯಾಪ್ ಕೂತ ಮೇಲೆ ತಪಾಸಣೆಗೆ ಬಾರದಿರುವುದು ಉಳಿದ ಸಮಸ್ಯೆ. ಅದಕ್ಕೆ ಕಳೆದ ವರ್ಷದಿಂದ 1,000 ರೂಪಾಯಿ ಠೇವಣಿ ಇಟ್ಟುಕೊಂಡು, ಆರನೇ ತಿಂಗಳಿಗೆ ಅರ್ಧ, ವರ್ಷಕ್ಕೆ ಉಳಿದರ್ಧ ಹಿಂದಿರುಗಿಸುತ್ತಿದ್ದೇನೆ. ಮೊದಲು ಅರ್ಧದಷ್ಟು ಜನರೂ ಬರುತ್ತಿರಲಿಲ್ಲ, ಈಗ ನಾಲ್ವರಲ್ಲಿ ಮೂವರಾದರೂ ಬರುತ್ತಾರೆ.